ಆಧಾರ್ ಮಸೂದೆಯ ದಿನ ಬಿದ್ದುಹೋದ ಐದು ತಿದ್ದುಪಡಿ: ವಿರೋಧ ಪಕ್ಷದವರು ವಿಷಯ ಬಲ್ಲವರಾದರೆ ಏನಾದರೂ ಆಗುತ್ತದಾ?

ಮಲ್ಲೇಶ್ವರದ ಓದುಗ

ವಿರೋಧ ಪಕ್ಷದ ಸಂಸದರ ಭಾಷಣದ ತುಣುಕುಗಳು ದಿನಾ ವಾಟ್ಸಾಪ್‌ಗೆ ಬಂದು ಬೀಳುತ್ತವೆ. ‘ಸಚಿವರ ಬೆವರಿಳಿಸಿದ ಸಂಸದ’ ಅಂತ ಮೇಲೊಂದು ಸಾಲು. ಎರಡು ನಿಮಿಷ ಕೂಗಾಟ, ಒಂದು ಶಾಯರಿ, ಮೇಜು ಕುಟ್ಟುವ ಸದ್ದು. ಇಷ್ಟಕ್ಕೇ ‘ಎಂಥಾ ವಿಷಯಜ್ಞಾನ’ ಅಂತ ನಾವು ಹೊಗಳಿ ಮುಂದೆ ಕಳಿಸುತ್ತೇವೆ. ಇದರ ಬಗ್ಗೆ ಒಂದು ಚರ್ಚೆ ಬೇಕು ಅನ್ನಿಸಿತು.

ನನ್ನನ್ನು ಕೇಳಿದರೆ, ವಿರೋಧ ಪಕ್ಷದವರ ಪರಿಣತಿ ನೋಡಲು 2016ರ ಮಾರ್ಚ್ 16ರ ರಾಜ್ಯಸಭೆ ಕಲಾಪ ಓದಬೇಕು. ಅವತ್ತು ಆಧಾರ್ ಮಸೂದೆ ಬಂದಿತ್ತು. ಮಾರ್ಚ್ 3ಕ್ಕೆ ಲೋಕಸಭೆಯಲ್ಲಿ ಮಂಡನೆ, 11ಕ್ಕೆ ಅಂಗೀಕಾರ. ಸರ್ಕಾರ ಅದನ್ನು ಹಣಕಾಸು ಮಸೂದೆ ಎಂದು ತಂದಿತ್ತು. ಹಾಗೆ ತಂದರೆ ರಾಜ್ಯಸಭೆ ಸಲಹೆ ಮಾತ್ರ ಕೊಡಬಹುದು, ತಡೆಯುವ ಹಾಗಿಲ್ಲ. ಆಗ ಆ ಸದನದಲ್ಲಿ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ ಅನ್ನುವುದೂ ನೆನಪಿರಲಿ.

ಕಾಂಗ್ರೆಸ್‌ನ ಜೈರಾಂ ರಮೇಶ್ ಅವತ್ತು ಐದು ತಿದ್ದುಪಡಿ ಮಂಡಿಸಿದರು. ಚಿಕ್ಕಮಗಳೂರಲ್ಲಿ ಹುಟ್ಟಿದವರು, ಆಗ ಆಂಧ್ರದಿಂದ ಸದಸ್ಯರಾಗಿದ್ದರು. ಕರ್ನಾಟಕದಿಂದ ಆಯ್ಕೆಯಾದದ್ದು ಅದೇ ವರ್ಷ ಆಮೇಲೆ. ಆಧಾರ್ ಬೇಡ ಅನ್ನುವವರಿಗೆ ಬೇರೆ ಗುರುತಿನ ದಾರಿ ಇರಲಿ ಅಂದರು. ಒಮ್ಮೆ ಮಾಡಿಸಿದವರು ಆಮೇಲೆ ಹೊರಬರಲೂ ಅವಕಾಶ ಇರಲಿ ಅಂದರು. ಮಾಹಿತಿ ಬಿಟ್ಟುಕೊಡುವ ವಿಚಾರದಲ್ಲಿ ‘ರಾಷ್ಟ್ರೀಯ ಭದ್ರತೆ’ ಅನ್ನುವ ಅಗಲವಾದ ಮಾತು ತೆಗೆದು ‘ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ’ ಅಂತ ಹಾಕಿ ಅಂದರು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಬರೀ ಸರ್ಕಾರಿ ಕಾರ್ಯದರ್ಶಿಗಳು ಕೂತರೆ ಹೇಗೆ, ವಿಚಕ್ಷಣಾ ಆಯುಕ್ತರೋ ಮಹಾಲೇಖಪಾಲರೋ ಒಬ್ಬರು ಇರಲಿ ಅಂದರು. ಐದನೆಯದು 57ನೇ ಸೆಕ್ಷನ್. ಖಾಸಗಿ ಕಂಪನಿಗಳೂ ಗುರುತಿಗಾಗಿ ಆಧಾರ್ ಬಳಸಬಹುದು ಎಂದು ಅದು ಹೇಳುತ್ತಿತ್ತು. ಅದನ್ನು ಪೂರ್ತಿ ಕಿತ್ತುಹಾಕಿ ಅಂದರು.

ಐದೂ ರಾಜ್ಯಸಭೆಯಲ್ಲಿ ಪಾಸಾದವು. ಅದೇ ಸಂಜೆ ಲೋಕಸಭೆ ಐದನ್ನೂ ತಳ್ಳಿಹಾಕಿತು. ಬೆಳಗ್ಗೆ ಹೇಗಿತ್ತೋ ರಾತ್ರಿಗೂ ಮಸೂದೆ ಹಾಗೇ ಇತ್ತು.

ಆ ಭಾಷಣದ ತುಣುಕು ನನಗೆ ಒಂದೂ ಬಂದಿಲ್ಲ. ಬರುವಂಥದ್ದೂ ಅಲ್ಲ. ‘ಇಂಥ ಸೆಕ್ಷನ್‌ನ ಇಂಥ ಸಾಲು’ ಅಂತ ಮಾತಾಡುವವರಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ? ಆದರೆ ಪರಿಣತಿ ಇರುವುದು ಅಲ್ಲೇ ಅಂತ ನನ್ನ ವಾದ. ನೀವೇನಂತೀರಿ?

ಸುಮ್ನೆ ಕೇಳಿದೆ

ಆಧಾರ್ ತಂದವರು ಯಾರು ಸ್ವಾಮಿ? 2009ರಲ್ಲಿ ಆಧಾರ್ ಪ್ರಾಧಿಕಾರ ಮಾಡಿದ್ದು ಇವರದೇ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ. ನಿಲೇಕಣಿಯವರನ್ನು ಅಲ್ಲಿ ಕೂರಿಸಿ, 2014ರಲ್ಲಿ ನಮ್ಮ ಬೆಂಗಳೂರು ದಕ್ಷಿಣದಲ್ಲೇ ಟಿಕೆಟ್ ಕೊಟ್ಟರು. ಜೈರಾಂ ರಮೇಶ್ ಆ ಸರ್ಕಾರದಲ್ಲಿ ಸಚಿವರು. ಆಗ ಕಾನೂನೇ ಇಲ್ಲದೆ ಕೋಟಿಗಟ್ಟಲೆ ಜನರ ಬೆರಳಚ್ಚು ತಗೊಂಡರು. ಅಧಿಕಾರ ಹೋದ ಮೇಲೆ ಖಾಸಗಿತನ ನೆನಪಾಯಿತು. ಇದು ಪರಿಣತಿಯಲ್ಲ, ಕುರ್ಚಿ ಬದಲಾದದ್ದರ ಪರಿಣಾಮ.

ಮಲ್ಲೇಶ್ವರದ ಓದುಗ

ಒಪ್ಪಿದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಆ ಕಥೆಯನ್ನು ಪೂರ್ತಿ ಹೇಳಿ. 2010ರ ಡಿಸೆಂಬರ್‌ನಲ್ಲಿ ಯುಪಿಎ ಸರ್ಕಾರ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿತು. ಅದು ಹಣಕಾಸು ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿಯ ಅಧ್ಯಕ್ಷರು ಯಶವಂತ ಸಿನ್ಹಾ, ಆಗ ವಿರೋಧ ಪಕ್ಷವಾಗಿದ್ದ ಬಿಜೆಪಿಯ ಸಂಸದರು. ಐಎಎಸ್‌ನಲ್ಲಿದ್ದವರು, ಹಣಕಾಸು ಸಚಿವರೂ ಆಗಿದ್ದವರು. 2011ರ ಡಿಸೆಂಬರ್‌ನಲ್ಲಿ ಬಂದ ಅವರ ವರದಿ, ಮಸೂದೆ ಈಗಿರುವ ರೂಪದಲ್ಲಿ ಒಪ್ಪಲು ಸಾಧ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಕಾನೂನಿನ ಆಧಾರವಿಲ್ಲದೆ ಕೆಲಸ ಶುರುಮಾಡಿದ್ದೇಕೆ, ಮಾಹಿತಿ ಸಂಗ್ರಹಿಸುವ ಖಾಸಗಿ ಏಜೆನ್ಸಿಗಳ ಮೇಲೆ ಹಿಡಿತ ಎಲ್ಲಿದೆ, ಮಾಹಿತಿ ರಕ್ಷಣೆಗೆ ಕಾನೂನು ಎಲ್ಲಿದೆ ಎಂದೆಲ್ಲ ಕೇಳಿತು.

ಅಂದರೆ 2011ರಲ್ಲಿ ಬಿಜೆಪಿ ಸಂಸದರ ಅಧ್ಯಕ್ಷತೆಯಲ್ಲಿ ಬಂದ ಪ್ರಶ್ನೆಗಳನ್ನೇ 2016ರಲ್ಲಿ ಕಾಂಗ್ರೆಸ್ ಸಂಸದ ಎತ್ತಿದರು. ಕುರ್ಚಿ ಬದಲಾಯಿತು ಅನ್ನುವುದು ನಿಜ. ಪ್ರಶ್ನೆ ಬದಲಾಗಲಿಲ್ಲವಲ್ಲ! ಅದಕ್ಕೇ ಯಾರು ಹೇಳಿದರು ಅನ್ನುವುದಕ್ಕಿಂತ ಏನು ಹೇಳಿದರು ಅನ್ನುವುದನ್ನು ಓದಿ ಅನ್ನುತ್ತಿದ್ದೇನೆ.

ಸುಮ್ನೆ ಕೇಳಿದೆ

ಎರಡು ಪಕ್ಷಕ್ಕೂ ವಿರೋಧದ ಬೆಂಚಲ್ಲಿ ಕೂತಾಗ ಮಾತ್ರ ಬುದ್ಧಿ ಬರುತ್ತದೆ ಅಂದಹಾಗಾಯಿತು 🙏

ವಕೀಲಮ್ಮ, ಬಸವನಗುಡಿ

ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

‘ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ’ ಅನ್ನುವುದು ಆ ಹೊತ್ತಿಗೆ ಹೊಳೆದದ್ದಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ, ಫೋನ್ ಕದ್ದಾಲಿಕೆಗೆ ಸಂಬಂಧಿಸಿದಂತೆ, ಅದೇ ಮಾತುಗಳಿದ್ದವು. ಅವುಗಳ ಅರ್ಥ ಏನು, ಮಿತಿ ಎಷ್ಟು ಅಂತ ಕೋರ್ಟುಗಳು ಆಗಲೇ ಹೇಳಿವೆ. ‘ರಾಷ್ಟ್ರೀಯ ಭದ್ರತೆ’ಗೆ ಅಂಥ ಬೇಲಿ ಇಲ್ಲ. ಇದು ಗೊತ್ತಿದ್ದವರಷ್ಟೇ ಇಂಥ ತಿದ್ದುಪಡಿ ಬರೆಯಬಲ್ಲರು. ಕೂಗಾಡಲು ಇಷ್ಟೆಲ್ಲ ಗೊತ್ತಿರಬೇಕಾಗಿಲ್ಲ.

ಇನ್ನು ಆಮೇಲೆ ಆದದ್ದು. ಆಧಾರ್ ವಿರುದ್ಧ 2012ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವರು ನಮ್ಮ ಬೆಂಗಳೂರಿನವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. 2018ರ ಸೆಪ್ಟೆಂಬರ್ 26ಕ್ಕೆ ಐವರ ಪೀಠ ಆಧಾರ್ ಕಾಯ್ದೆಯನ್ನು 4–1ರಿಂದ ಎತ್ತಿಹಿಡಿಯಿತು. ಆದರೆ 57ನೇ ಸೆಕ್ಷನ್‌ನಲ್ಲಿ ಖಾಸಗಿಯವರಿಗೆ ಕೊಟ್ಟಿದ್ದ ಅವಕಾಶವನ್ನು ರದ್ದು ಮಾಡಿತು. 33(2), ಅಂದರೆ ರಾಷ್ಟ್ರೀಯ ಭದ್ರತೆ ಹೆಸರಲ್ಲಿ ಮಾಹಿತಿ ಕೊಡುವ ಭಾಗವನ್ನೂ ಇದ್ದ ರೂಪದಲ್ಲಿ ಒಪ್ಪಲಿಲ್ಲ. ಜಂಟಿ ಕಾರ್ಯದರ್ಶಿಗಿಂತ ಮೇಲಿನ ಅಧಿಕಾರಿ ಬೇಕು, ಜೊತೆಗೆ ನ್ಯಾಯಾಂಗದವರೊಬ್ಬರು ಇರಬೇಕು ಅಂದಿತು. 2016ರ ಆ ಸಂಜೆ ಬಿದ್ದುಹೋದ ತಿದ್ದುಪಡಿಗಳ ಪಕ್ಕ ಇಟ್ಟು ಇದನ್ನು ಓದಿ.

ಹಾಗಂತ ತಿದ್ದುಪಡಿಯಿಂದಲೇ ತೀರ್ಪು ಬಂತು ಅಂತ ನಾನು ಹೇಳುತ್ತಿಲ್ಲ. ತೀರ್ಪು ಬಂದದ್ದು ಅರ್ಜಿದಾರರು ಮತ್ತು ವಕೀಲರ ವಾದದಿಂದ. ಆದರೆ ಕಾಯ್ದೆಯ ಯಾವ ಮೂಲೆ ಸಡಿಲ ಅನ್ನುವುದನ್ನು ಒಬ್ಬ ಸದಸ್ಯ ಎರಡೂವರೆ ವರ್ಷ ಮೊದಲೇ ಬೆರಳಿಟ್ಟು ತೋರಿಸಿದ್ದರು. ಇದಕ್ಕಿಂತ ಬೇರೆ ಪರೀಕ್ಷೆ ಯಾವುದು ಬೇಕು?

ಹಣಕಾಸು ಮಸೂದೆ ವಿಚಾರವೂ ಮುಗಿದಿಲ್ಲ. ಆ ದಾರಿ ಸರಿಯಲ್ಲ ಅಂತ ಜೈರಾಂ ರಮೇಶ್ ಸುಪ್ರೀಂ ಕೋರ್ಟಿಗೂ ಹೋಗಿದ್ದರು. ಬಹುಮತದ ತೀರ್ಪು ಅವರ ವಾದ ಒಪ್ಪಲಿಲ್ಲ. ಒಬ್ಬರೇ ಭಿನ್ನವಾಗಿ ಬರೆದ ನ್ಯಾಯಮೂರ್ತಿ ಚಂದ್ರಚೂಡ್ ಅದನ್ನು ಸಂವಿಧಾನಕ್ಕೆ ಮಾಡಿದ ಮೋಸ ಎಂದರು. 2019ರಲ್ಲಿ ಬೇರೊಂದು ಪ್ರಕರಣದಲ್ಲಿ, ಯಾವುದು ಹಣಕಾಸು ಮಸೂದೆ ಅನ್ನುವ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು.

ಕೋಡಿಗೇಹಳ್ಳಿ ಗೇಟ್

ಆಧಾರ್‌ನ ತಾಂತ್ರಿಕ ಕೇಂದ್ರ ಇರುವುದು ನಮ್ಮ ಕೋಡಿಗೇಹಳ್ಳಿಯಲ್ಲೇ. ದಿನಾ ಆ ಕಡೆ ಓಡಾಡುವವನು ನಾನು. ಈ ಸೆಕ್ಷನ್‌ಗಳ ಲೆಕ್ಕ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. 2017ರಲ್ಲಿ ಒಂದು ಮೊಬೈಲ್ ಕಂಪನಿಯಿಂದ ಮೆಸೇಜ್ ಮೇಲೆ ಮೆಸೇಜ್. ಆಧಾರ್ ಜೋಡಿಸಿ, ಇಲ್ಲದಿದ್ದರೆ ನಂಬರ್ ನಿಲ್ಲಿಸುತ್ತೇವೆ ಅಂತ. ನಮ್ಮ ತಂದೆ ಗಾರೆ ಕೆಲಸ ಮಾಡಿದವರು, ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಅಂಗಡಿಯವನು ಹತ್ತೂ ಬೆರಳು ಒತ್ತಿಸಿದ. ಒಂದೂ ಕೂಡಲಿಲ್ಲ. ‘ನೀವೇ ಅಂತ ಹೇಗೆ ನಂಬೋದು ಯಜಮಾನ್ರೇ’ ಅಂದುಬಿಟ್ಟ. ಕೊನೆಗೆ ಆ ನಂಬರನ್ನು ನನ್ನ ಹೆಸರಿಗೆ ಮಾಡಿಸಿದೆವು.

ಮೇಡಂ, ಬೇರೆ ಗುರುತು ತೋರಿಸುವ ಅವಕಾಶ ಇರಲಿ ಅಂತ ಒಂದು ತಿದ್ದುಪಡಿ ಇತ್ತು ಅಂತ ಓದುಗರು ಹೇಳಿದರಲ್ಲ, ಅದು ಉಳಿದಿದ್ದರೆ ನಮ್ಮಪ್ಪನಂಥವರಿಗೆ ಉಪಯೋಗ ಆಗುತ್ತಿತ್ತಾ?

ವಕೀಲಮ್ಮ, ಬಸವನಗುಡಿ

ನಿಮ್ಮ ತಂದೆಯವರಿಗೆ ಆಗಿದ್ದು ಬೇಸರದ ಸಂಗತಿ. ಆ ತಿದ್ದುಪಡಿ ಕಾಯ್ದೆಯೊಳಗೆ ಬಂದಿದ್ದರೆ ‘ಇನ್ನೊಂದು ಗುರುತಿನ ಚೀಟಿ ತಗೊಳ್ಳಿ’ ಅಂತ ಕೇಳಲು ನಿಮಗೆ ಕಾಯ್ದೆಯ ಬಲ ಇರುತ್ತಿತ್ತು. ಸಿಮ್‌ಗೆ ಆಧಾರ್ ಕಡ್ಡಾಯ ಅನ್ನುವುದನ್ನು ಕೋರ್ಟ್ ರದ್ದು ಮಾಡಿದ್ದು 2018ರಲ್ಲಿ. ನೀವು ಅಂಗಡಿಗೆ ಹೋದದ್ದು ಅದಕ್ಕೂ ಮುಂಚೆ.

ಇನ್ನೊಂದು ಸಂಗತಿ. 2019ರಲ್ಲಿ ಸರ್ಕಾರವೇ ಕಾಯ್ದೆಗೆ ತಿದ್ದುಪಡಿ ತಂತು. ಬ್ಯಾಂಕು, ಮೊಬೈಲ್ ಕಂಪನಿಗಳಿಗೆ, ಜನ ತಾವಾಗಿ ಒಪ್ಪಿದರೆ ಆಧಾರ್ ಬಳಸುವ ದಾರಿ ಮತ್ತೆ ತೆರೆಯಿತು. ಜೊತೆಗೆ, ಚಿಕ್ಕವರಿದ್ದಾಗ ಆಧಾರ್ ಮಾಡಿಸಿಕೊಂಡ ಮಕ್ಕಳು 18 ತುಂಬಿದ ಆರು ತಿಂಗಳೊಳಗೆ ಅದನ್ನು ರದ್ದು ಮಾಡಿಸಿಕೊಳ್ಳಬಹುದು ಅಂತ ಸೇರಿಸಿತು. ಹೊರಬರಲು ಅವಕಾಶ ಇರಲಿ ಅಂತ 2016ರಲ್ಲಿ ಕೇಳಿದ್ದು ಎಲ್ಲರಿಗೂ. ಸಿಕ್ಕಿದ್ದು ಮಕ್ಕಳಿಗೆ ಮಾತ್ರ.

ಹಳೇ ಸಮಾಜವಾದಿ

ನಾನು ಮೂಲತಃ ಸಾಗರದ ಕಡೆಯವನು, ವಿಜಯನಗರದಲ್ಲಿ ಮನೆ. ನಿಮ್ಮ ಚರ್ಚೆ 2016ರಿಂದ ಶುರುವಾದದ್ದು ನೋಡಿ ನಗು ಬಂತು. ಮಕ್ಕಳೇ, 1963ಕ್ಕೆ ಹೋಗಿ.

ಆ ವರ್ಷ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಫರೂಕಾಬಾದ್ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಆಗಸ್ಟ್‌ನಲ್ಲಿ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು. ಲೋಕಸಭೆ ಕಂಡ ಮೊದಲ ಅವಿಶ್ವಾಸ ಅದು. ಲೋಹಿಯಾ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಅಂದರು. ರೂಪಾಯಿಗೆ ಹದಿನಾರು ಆಣೆ, ಈಗಿನವರಿಗೆ ಹೇಳಬೇಕಲ್ಲ. ಸರ್ಕಾರದ ಕಡೆಯವರು ಮೂರಲ್ಲ, ಹದಿನೈದಾಣೆ ಅಂದರು. ಲೋಹಿಯಾ ಪಟ್ಟು ಬಿಡಲಿಲ್ಲ. ನೀವು ಹೇಳುತ್ತಿರುವುದು ಸರಾಸರಿ, ಅದರಲ್ಲಿ ಸಾಹುಕಾರನ ಆದಾಯವೂ ಸೇರಿದೆ. ನಾನು ಹೇಳುತ್ತಿರುವುದು ಕೆಳಗಿನ ನೂರಕ್ಕೆ ಅರವತ್ತು ಮಂದಿಯ ಲೆಕ್ಕ. ಇದು ಅವರ ವಾದ. ಸರ್ಕಾರದ ಅಂಕಿಅಂಶ ಇಟ್ಟುಕೊಂಡೇ ಸರ್ಕಾರವನ್ನು ಹಿಡಿದದ್ದು. ನಿರ್ಣಯ 62–347ರಿಂದ ಬಿತ್ತು. ಮೂರಾಣೆ ಮಾತ್ರ ಹಳ್ಳಿಹಳ್ಳಿಗೆ ಹೋಯಿತು. ನಮ್ಮೂರ ಸಂತೆಯಲ್ಲೂ ಜನ ಅದನ್ನೇ ಆಡುತ್ತಿದ್ದರು.

ನಮ್ಮ ಶಾಂತವೇರಿ ಗೋಪಾಲಗೌಡರೂ ಅದೇ ಗರಡಿಯವರು. 1951ರ ಕಾಗೋಡು ಸತ್ಯಾಗ್ರಹದಿಂದ ಬಂದವರು, 1952ರಲ್ಲಿ ಶಾಸಕರಾದರು. ಗೇಣಿ ಬಗ್ಗೆ ವಿಧಾನಸೌಧದಲ್ಲಿ ಅವರು ಮಾತಾಡುತ್ತಿದ್ದರೆ ಅದು ಪುಸ್ತಕ ಓದಿ ಬಂದ ಮಾತಾಗಿರಲಿಲ್ಲ. ಕೊಳಗ ಹಿಡಿದು ಭತ್ತ ಅಳೆಯುವಾಗ ಎಲ್ಲಿ ಮೋಸ ಆಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಕಾಗೋಡು ಹೋರಾಟ ಶುರುವಾದದ್ದೇ ಆ ಅಳತೆ ಜಗಳದಿಂದ. ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ. ಉಳುವವನಿಗೆ ಭೂಮಿ ಕೊಡುವ ಅರಸು ಅವರ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ. ಕಣ್ಣಾರೆ ನೋಡಲು ಆಗಲಿಲ್ಲ.

ಬೆಂಗಳೂರಿಗೂ ಇದಕ್ಕೂ ಇನ್ನೊಂದು ನಂಟಿದೆ. ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರ ಬೆಳಗ್ಗೆ, ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದೇ ಊರಲ್ಲಿದ್ದರು. ಯಾಕೆ ಬಂದಿದ್ದರು ಗೊತ್ತಾ? ಪಕ್ಷಾಂತರ ತಡೆ ಮಸೂದೆ ಪರಿಶೀಲಿಸುವ ಸಂಸತ್ತಿನ ಜಂಟಿ ಸಮಿತಿ ಸಭೆಗೆ. ಶಾಸಕರ ಭವನದಿಂದಲೇ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗಿನ ಫ್ರೀಡಂ ಪಾರ್ಕ್. ದಂಡವತೆ ಮುಂಬೈಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು. 1977ರಲ್ಲಿ ರೈಲ್ವೆ ಸಚಿವರಾದಾಗ ಎರಡನೇ ದರ್ಜೆಯ ಬರೀ ಹಲಗೆ ಬರ್ತ್‌ಗೆ ಎರಡಿಂಚು ಫೋಮ್ ಹಾಕಿಸಿದರು. ಇವತ್ತು ಸ್ಲೀಪರ್‌ನಲ್ಲಿ ಬೆನ್ನು ನೋಯದೆ ಮಲಗುವವರು ಅವರನ್ನು ಒಮ್ಮೆ ನೆನೆಸಬಹುದು.

ಎಚ್‌ಎಸ್‌ಆರ್ ಟೆಕ್ಕಿ

ಅಜ್ಜಾ, ಫೋಮ್ ವಿಷಯ ಗೊತ್ತಿರಲಿಲ್ಲ, ಸೂಪರ್ 😀

ನಾನು ಹೇಳಬೇಕು ಅಂದುಕೊಂಡದ್ದು ಮನಮೋಹನ್ ಸಿಂಗ್ ಅವರ 2016ರ ನವೆಂಬರ್ 24ರ ಭಾಷಣ. ನೋಟು ರದ್ದತಿ ಬಗ್ಗೆ. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು, ಹಣಕಾಸು ಸಚಿವರಾಗಿದ್ದವರು, ಹತ್ತು ವರ್ಷ ಪ್ರಧಾನಿ. ಮಾತಾಡಿದ್ದು ಕೆಲವೇ ನಿಮಿಷ. ಜಿಡಿಪಿ ಸುಮಾರು ಎರಡು ಶೇಕಡಾ ಅಂಶ ಕುಸಿಯಬಹುದು ಅಂದರು. 2017ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅಂಕಿ ಮೊದಲು ಬಂದಾಗ 5.7. ಹಿಂದಿನ ವರ್ಷ ಅದೇ ಹೊತ್ತಿಗೆ 7.9 ಇತ್ತು. ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ವಾಪಸ್ ಬಂತು. ಇದಕ್ಕಿಂತ ದೊಡ್ಡ ಪರಿಣತಿ ಬೇಕಾ?

ಜಯನಗರ 4ನೇ ಬ್ಲಾಕ್

ಅಷ್ಟು ಸಲೀಸಾಗಿ ಅಂಕ ಕೊಡಬೇಡಿ ಗುರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ವ್ಯಾಪಾರಿಗಳೆಲ್ಲ ದಾಸ್ತಾನು ಖಾಲಿ ಮಾಡುತ್ತಿದ್ದರು. ಕುಸಿತದಲ್ಲಿ ಅದರ ಪಾಲು ಎಷ್ಟು, ನೋಟು ರದ್ದತಿ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಆಮೇಲೆ ಸರ್ಕಾರವೇ 2016–17ರ ಬೆಳವಣಿಗೆಯನ್ನು 8ಕ್ಕಿಂತ ಮೇಲಕ್ಕೆ ಪರಿಷ್ಕರಿಸಿತು. ಆ ಅಂಕಿಯನ್ನು ನೀವು ನಂಬುತ್ತೀರೋ ಬಿಡುತ್ತೀರೋ ಬೇರೆ ಮಾತು.

ಪರಿಣತಿ ಅಂದರೆ ಭವಿಷ್ಯ ಹೇಳುವುದು ಅಂತ ಆದರೆ ಕಷ್ಟ. ನನಗೆ ಓದುಗರು ಹೇಳಿದ ಹಾಗೆ ಸೆಕ್ಷನ್ ಮಟ್ಟದ ಕೆಲಸವೇ ಇಷ್ಟ. ಗೆದ್ದ ತಿದ್ದುಪಡಿಯದೂ ಒಂದು ಉದಾಹರಣೆ ಬರಲಿ ಅಂತ ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ.

2010ರ ಅಣು ಹೊಣೆಗಾರಿಕೆ ಮಸೂದೆ. ಆ ಜೂನ್‌ನಲ್ಲಷ್ಟೇ ಭೋಪಾಲ್ ಅನಿಲ ದುರಂತದ ತೀರ್ಪು ಬಂದು ದೇಶವೆಲ್ಲ ಕೆರಳಿತ್ತು. ಅಪಘಾತ ಆದರೆ ಸ್ಥಾವರ ನಡೆಸುವವರು ಕೊಡಬೇಕಾದ ಪರಿಹಾರದ ಮಿತಿಯನ್ನು ಮೊದಲು 500 ಕೋಟಿ ಅಂತ ಇಟ್ಟಿದ್ದರು. ಅದು 1,500 ಕೋಟಿಗೆ ಏರಿತು. ಅದಕ್ಕಿಂತ ಮುಖ್ಯವಾದದ್ದು 17(ಬಿ). ಯಂತ್ರ, ಬಿಡಿಭಾಗ ಪೂರೈಸಿದ ಕಂಪನಿಯ ತಪ್ಪಿಂದ ಅಪಘಾತ ಆದರೆ ಆ ಕಂಪನಿಯಿಂದ ವಸೂಲಿ ಮಾಡುವ ಹಕ್ಕು. ಕಂಪನಿ ಬೇಕೆಂದೇ ಹಾಗೆ ಮಾಡಿತು ಅಂತ ಸಾಬೀತಾದರೆ ಮಾತ್ರ ವಸೂಲಿ ಅನ್ನುವಂತೆ ಸರ್ಕಾರ ಕೊನೆಗಳಿಗೆಯಲ್ಲಿ ಬರೆದುಕೊಂಡು ಬಂತು. ಯಾವ ಕಂಪನಿ ಬೇಕೆಂದೇ ಅಣು ಅಪಘಾತ ಮಾಡಿಸುತ್ತದೆ? ಬಿಜೆಪಿ ಮತ್ತು ಎಡಪಕ್ಷ ಎರಡೂ ಅದನ್ನು ಹಿಡಿದವು. ಸರ್ಕಾರ ತೆಗೆಯಬೇಕಾಯಿತು. ಆಗಸ್ಟ್‌ನಲ್ಲಿ ಮಸೂದೆ ಪಾಸಾಯಿತು. ಆಗ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರು ಅರುಣ್ ಜೇಟ್ಲಿ, ವಕೀಲರು. ಆಧಾರ್‌ನಲ್ಲಿ ತಿದ್ದುಪಡಿ ಬಿತ್ತು, ಇಲ್ಲಿ ನಿಂತಿತು.

ಮಲ್ಲೇಶ್ವರದ ಓದುಗ

ಸಾರ್, ಒಳ್ಳೇ ಉದಾಹರಣೆ. ಆದರೆ ಇದು ನಿಂತದ್ದು ಯಾಕೆ ಅನ್ನುವುದನ್ನೂ ಹೇಳಿ. ಆಗ ಯುಪಿಎಗೆ ರಾಜ್ಯಸಭೆಯಲ್ಲಿ ಸ್ವಂತ ಬಲ ಸಾಲದು. ಅದು ಹಣಕಾಸು ಮಸೂದೆಯೂ ಅಲ್ಲ. ಹಾಗಾಗಿ ವಿರೋಧ ಪಕ್ಷದ ಮಾತು ಕೇಳಲೇಬೇಕಿತ್ತು. ಬುದ್ಧಿಗೆ ಬೆಲೆ ಬಂದದ್ದು ಹಿಂದೆ ವೋಟು ಇದ್ದುದರಿಂದ.

ಸುಮ್ನೆ ಕೇಳಿದೆ

ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು. ವೋಟಿಲ್ಲದವನ ಪರಿಣತಿ ಒಲೆ ಹಚ್ಚದೆ ಎಸರಿಟ್ಟ ಹಾಗೆ.

ವಕೀಲಮ್ಮ, ಬಸವನಗುಡಿ

ಹಾಗಾದರೆ ತಿರುಚಿ ಶಿವ ಅವರನ್ನು ಎಲ್ಲಿಡುತ್ತೀರಿ? ಡಿಎಂಕೆ ಸದಸ್ಯರು, ಹಿಂದೆ ಬೆರಳೆಣಿಕೆ ವೋಟು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಅವರು ತಂದ ಖಾಸಗಿ ಮಸೂದೆಯನ್ನು (ಸಚಿವರಲ್ಲದ ಸದಸ್ಯರು ತರುವಂಥದ್ದು) 2015ರ ಏಪ್ರಿಲ್ 24ಕ್ಕೆ ರಾಜ್ಯಸಭೆ ಒಮ್ಮತದಿಂದ ಪಾಸು ಮಾಡಿತು. ಒಂದು ಸದನ ಖಾಸಗಿ ಮಸೂದೆ ಪಾಸು ಮಾಡಿದ್ದು ದಶಕಗಳಲ್ಲಿ ಅದೇ ಮೊದಲು. ಅದಾದ ಮೇಲೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತು, 2019ರಲ್ಲಿ ಕಾಯ್ದೆ ಬಂತು. ಶಿವ ಅವರ ಮಸೂದೆಯಷ್ಟು ಗಟ್ಟಿ ಇಲ್ಲ ಅಂತ ಆ ಸಮುದಾಯದವರೇ ಹೇಳಿದರು. ಅದು ನಿಜ. ಆದರೆ ಮೂಲೆಯಲ್ಲಿದ್ದ ವಿಷಯವನ್ನು ಸರ್ಕಾರದ ಮೇಜಿನ ಮೇಲೆ ತಂದಿಟ್ಟವರು ಒಬ್ಬ ವಿರೋಧ ಪಕ್ಷದ ಸದಸ್ಯರು.

ಗ್ಯಾಲರಿ ಪಾಸ್

ದೆಹಲಿ ಮಾತೇ ಆಯಿತು. ನಮ್ಮ ವಿಧಾನಸೌಧದ ಕಡೆ ಬನ್ನಿ. ನಾನು ಬಹಳ ವರ್ಷ ಪತ್ರಕರ್ತರ ಗ್ಯಾಲರಿಯಲ್ಲಿ ಕೂತವನು.

ಶಾಸಕರಲ್ಲಿ ಓದಿಕೊಂಡು ಬರುವವರನ್ನು ದೂರದಿಂದಲೇ ಗುರುತಿಸಬಹುದು. ಕೈಯಲ್ಲಿ ಬಜೆಟ್ ಪುಸ್ತಕ ಇರುತ್ತದೆ, ಅದರ ತುಂಬ ಚೀಟಿ. ಕಡೂರಿನ ವೈ.ಎಸ್.ವಿ. ದತ್ತ ಹಾಗಿದ್ದರು. ರಾಜಾಜಿನಗರದಲ್ಲಿ ಟ್ಯುಟೋರಿಯಲ್ ನಡೆಸಿದವರು, ಎಲ್ಲರಿಗೂ ದತ್ತ ಮೇಷ್ಟ್ರು. 2013ರಿಂದ 2018ರವರೆಗೆ ಜೆಡಿಎಸ್ ಬೆಂಚಿನಿಂದ ಮಾತಾಡುವಾಗ ಪಾಠ ಮಾಡಿದ ಹಾಗೇ ಇರುತ್ತಿತ್ತು. ಆಡಳಿತ ಪಕ್ಷದವರೂ ಕೂತು ಕೇಳುತ್ತಿದ್ದರು. 2018ರ ಚುನಾವಣೆಯಲ್ಲಿ ಸೋತರು. ಸದನದಲ್ಲಿ ಚೆನ್ನಾಗಿ ಮಾತಾಡಿದ್ದಕ್ಕೆ ಕ್ಷೇತ್ರದಲ್ಲಿ ಯಾರೂ ವೋಟು ಹಾಕುವುದಿಲ್ಲ. ಮದುವೆಗೆ ಬಂದರಾ, ಬೋರ್‌ವೆಲ್ ಕೊರೆಸಿದರಾ ಅಂತ ಕೇಳುತ್ತಾರೆ.

ದೇವೇಗೌಡರನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ಸಿವಿಲ್ ಡಿಪ್ಲೊಮಾ ಓದಿ 1962ರಲ್ಲಿ ಪಕ್ಷೇತರರಾಗಿ ಗೆದ್ದು ಬಂದವರು. 1972ರಿಂದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರು. 1924ರ ಕಾವೇರಿ ಒಪ್ಪಂದದ ಐವತ್ತು ವರ್ಷ 1974ಕ್ಕೆ ಮುಗಿಯುವುದಿತ್ತು. ಆ ಹೊತ್ತಲ್ಲಿ ಜಲಾಶಯ, ಟಿಎಂಸಿ, ಎಕರೆ ಲೆಕ್ಕ ಬಾಯಲ್ಲೇ ಇದ್ದ ಒಬ್ಬರು ಎದುರು ಬೆಂಚಲ್ಲಿ ಇದ್ದರು. ರಾಜಕೀಯ ಏನೇ ಇರಲಿ, ನೀರಿನ ವಿಷಯದಲ್ಲಿ ಅವರನ್ನು ಯಾಮಾರಿಸಲು ಯಾವ ಎಂಜಿನಿಯರಿಗೂ ಆಗುತ್ತಿರಲಿಲ್ಲ.

ಈಗ ಬೇಸರದ ಭಾಗ. ಸರ್ಕಾರದ ಖರ್ಚು ಪರಿಶೀಲಿಸುವ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನ ವಿರೋಧ ಪಕ್ಷಕ್ಕೆ ಕೊಡುವ ಪದ್ಧತಿ ಇದೆ. ಸಂಸತ್ತಿನಲ್ಲಿ ಅದು 1967ರಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿಯವರಿಂದ ಶುರುವಾಯಿತು. 2020ರಲ್ಲಿ ಇಲ್ಲಿ ಆ ಜಾಗದಲ್ಲಿ ಇದ್ದವರು ಕಾಂಗ್ರೆಸ್‌ನ ಎಚ್.ಕೆ. ಪಾಟೀಲ್. ಕೋವಿಡ್ ಸಲಕರಣೆ ಖರೀದಿ ಬಗ್ಗೆ ಸ್ಥಳಕ್ಕೆ ಹೋಗಿ ಪರಿಶೀಲಿಸಲು ಹೊರಟರು. ಸಮಿತಿಗಳು ಹಾಗೆ ಹೋಗಬಾರದು ಅಂತ ಸ್ಪೀಕರ್ ಆದೇಶ ಬಂತು. ದೊಡ್ಡ ಗಲಾಟೆಯಾಯಿತು. ಅದೇ ಪಾಟೀಲರು 2023ರಲ್ಲಿ ಸಂಸದೀಯ ವ್ಯವಹಾರಗಳ ಸಚಿವರಾದರು. 2025ರ ಮಾರ್ಚ್ 21ಕ್ಕೆ ಬಿಜೆಪಿಯ 18 ಶಾಸಕರನ್ನು ಸ್ಪೀಕರ್ ಆರು ತಿಂಗಳು ಅಮಾನತು ಮಾಡಿದರು. ಮೇನಲ್ಲಿ ವಾಪಸ್ ತಗೊಂಡರು ಅನ್ನಿ.

ದೆಹಲಿಯಲ್ಲೂ ಅಷ್ಟೇ. 2023ರ ಡಿಸೆಂಬರ್‌ನಲ್ಲಿ 146 ಸಂಸದರ ಅಮಾನತು. ಅದೇ ಅಧಿವೇಶನದಲ್ಲಿ ಐಪಿಸಿ ಮತ್ತಿತರ ಅಪರಾಧ ಕಾನೂನು ಬದಲಿಸುವ ಮೂರು ಮಸೂದೆ ಪಾಸಾದವು. ಹೊರಗೆ ನಿಂತವರು ಎಷ್ಟೇ ಓದಿಕೊಂಡಿದ್ದರೂ ಏನು ಪ್ರಯೋಜನ? ಸದನದ ಬಾವಿಗಿಳಿದು ಕಾಗದ ಹರಿಯುವವರ ಪರ ನಾನಿಲ್ಲ. ಆದರೆ ಹರಿಯುವವರ ಜೊತೆ ಓದುವವರೂ ಹೊರಗೆ ಹೋಗುತ್ತಾರೆ.

ಎಚ್‌ಎಸ್‌ಆರ್ ಟೆಕ್ಕಿ

ಒಂದು ಡೌಟು. ಒಬ್ಬ ಎಂಪಿಗೆ ಇಷ್ಟೆಲ್ಲ ಓದಲು ಸಹಾಯಕರು ಇರುತ್ತಾರಾ? ನಮ್ಮ ಆಫೀಸಲ್ಲಿ ಒಂದು ಪ್ರೆಸೆಂಟೇಶನ್‌ಗೇ ಐದು ಜನ ಕೂರುತ್ತಾರೆ.

ಮಲ್ಲೇಶ್ವರದ ಓದುಗ

ಸರ್ಕಾರದ ಕಡೆ ಇಡೀ ಇಲಾಖೆ ಇರುತ್ತದೆ. ವಿರೋಧ ಪಕ್ಷದ ಸದಸ್ಯರಿಗೆ ಸಂಶೋಧನೆಗೆಂದೇ ತಂಡ ಕೊಡುವ ವ್ಯವಸ್ಥೆ ಇಲ್ಲ. ಸಂಸತ್ತಿನ ಗ್ರಂಥಾಲಯದಲ್ಲಿ ಮಾಹಿತಿ ಕೇಳಬಹುದು. 2005ರಿಂದ ಪಿಆರ್‌ಎಸ್ ಸಂಸ್ಥೆ ಪ್ರತಿ ಮಸೂದೆಗೆ ಟಿಪ್ಪಣಿ ಮಾಡಿ ಎಲ್ಲ ಪಕ್ಷದವರಿಗೂ ಕೊಡುತ್ತದೆ. ಸಂಸದರ ಜೊತೆ ಕೆಲಸ ಮಾಡಲು ಯುವಕರನ್ನು ಕಳಿಸುವ ಫೆಲೋಶಿಪ್ಪನ್ನೂ ಅದು ನಡೆಸುತ್ತದೆ. ನಮ್ಮೂರಿನ ರಾಜೀವ್ ಗೌಡರಂಥವರು ಅಪರೂಪ. ಬನ್ನೇರುಘಟ್ಟ ರಸ್ತೆ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದು 2014ರಿಂದ 2020ರವರೆಗೆ ರಾಜ್ಯಸಭೆಯಲ್ಲಿ ವಿರೋಧ ಬೆಂಚಲ್ಲಿ ಕೂತವರು, ಪಕ್ಷದ ಸಂಶೋಧನಾ ವಿಭಾಗ ನೋಡಿಕೊಂಡವರು. 2024ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಸೋತರು. ಗ್ಯಾಲರಿ ಪಾಸ್ ಸಾರ್ ಹೇಳಿದ ಮದುವೆ, ಬೋರ್‌ವೆಲ್ ಕಥೆ ನೆನಪಾಗುತ್ತದೆ.

ಇನ್ನು ಸಮಿತಿಗಳು. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದವು. ಈಗ 24 ಇವೆ, ಒಂದೊಂದರಲ್ಲೂ 31 ಸದಸ್ಯರು. ಅಲ್ಲಿ ಕ್ಯಾಮೆರಾ ಇಲ್ಲ, ಪಕ್ಷ ಹೇಳಿದಂತೆಯೇ ನಡೆಯಬೇಕು ಅನ್ನುವ ವಿಪ್ ಇಲ್ಲ. ಹಾಗಾಗಿ ಮಾತು ಚೆನ್ನಾಗಿರುತ್ತದೆ. 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆ ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ 16. ವಿಷಯ ಗೊತ್ತಿರುವ ಸದಸ್ಯರಿಗೆ ಕೆಲಸ ಮಾಡುವ ಜಾಗವೇ ಇಷ್ಟು ಚಿಕ್ಕದಾಗಿದೆ. ಉಳಿದದ್ದು ಟಿವಿ ಮುಂದಿನ ಮೂರು ನಿಮಿಷ. ಅದಕ್ಕೇ ಶಾಯರಿ ಜಾಸ್ತಿ ಆಗಿರುವುದು.

ಹಳೇ ಸಮಾಜವಾದಿ

ಶಾಯರಿಯನ್ನು ಬಯ್ಯಬೇಡಪ್ಪ. ಲೋಹಿಯಾ ಅಂಕಿ ಹೇಳುವಾಗಲೂ ಸಭೆಯನ್ನು ನಗಿಸುತ್ತಿದ್ದರು. ಒಣ ಲೆಕ್ಕ ಓದಿದರೆ ಜನ ಮಲಗುತ್ತಾರೆ.

ಸುಮ್ನೆ ಕೇಳಿದೆ

ಸರಿ, ನಮ್ಮ ಊರಿಗೇ ಬರೋಣ. ಗ್ರೇಟರ್ ಬೆಂಗಳೂರು ಮಸೂದೆ. 2024ರ ಜುಲೈನಲ್ಲಿ ಮಂಡನೆ, ಆಮೇಲೆ ಸದನ ಸಮಿತಿಗೆ. ಶಿವಾಜಿನಗರದ ರಿಜ್ವಾನ್ ಅರ್ಷದ್ ಅಧ್ಯಕ್ಷರು. 2025ರ ಮಾರ್ಚ್‌ನಲ್ಲಿ ಪಾಸು, ಮೇ 15ರಿಂದ ಜಾರಿ, ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ. ಹಳೇ ಪಾಲಿಕೆಯ ಕಾರ್ಪೊರೇಟರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ‘ಬೆಂಗಳೂರು ಒಡೆಯುತ್ತಿದ್ದೀರಿ’ ಅಂತ ವಿರೋಧ ಪಕ್ಷದವರು ಕೂಗಿದ್ದು ಟಿವಿಯಲ್ಲಿ ನೋಡಿದೆ. ಸೆಕ್ಷನ್ ಹಿಡಿದು ಮಾತಾಡಿದವರು ಯಾರಾದರೂ ಇದ್ದರಾ? ಇದ್ದರೆ ತೋರಿಸಿ, ನಾನು ಈ ಚರ್ಚೆ ಪೂರ್ತಿ ಒಪ್ಪಿಕೊಳ್ಳುತ್ತೇನೆ.

ಗ್ಯಾಲರಿ ಪಾಸ್

ಮುಖ್ಯಮಂತ್ರಿಯೇ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರಾದರೆ ಸ್ಥಳೀಯ ಸಂಸ್ಥೆಗೆ ಅಧಿಕಾರ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿಯ ಗತಿ ಏನು ಅನ್ನುವ ಆಕ್ಷೇಪ ಬಂದಿತ್ತು. ಅದು ಗಟ್ಟಿ ಪ್ರಶ್ನೆ. ಕೂಗಾಟದ ಮಧ್ಯೆ ಟಿವಿಯಲ್ಲಿ ಕೇಳಿಸಲಿಲ್ಲ ಅಷ್ಟೆ.

ವಕೀಲಮ್ಮ, ಬಸವನಗುಡಿ

ನಡಾವಳಿಯಲ್ಲಿ ಎಲ್ಲ ದಾಖಲಾಗಿರುತ್ತದೆ. ಯಾರು ಯಾವ ಸೆಕ್ಷನ್‌ಗೆ ಏನು ತಿದ್ದುಪಡಿ ಕೊಟ್ಟರು, ಒಪ್ಪಿದರಾ ಬಿಟ್ಟರಾ ಅಂತ. ಸದನ ಸಮಿತಿ ವರದಿ, ಮೂಲ ಮಸೂದೆ, ಪಾಸಾದ ಕಾಯ್ದೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಭಾನುವಾರದ ಕೆಲಸ. ನಾನು ಅಧ್ಯಕ್ಷರ ನೇಮಕ ಮತ್ತು ಅಧಿಕಾರದ ಸೆಕ್ಷನ್‌ಗಳನ್ನು ನೋಡುತ್ತೇನೆ. ತೆರಿಗೆ ಮತ್ತು ಅನುದಾನದ ಭಾಗ ಯಾರು ತಗೊಳ್ಳುತ್ತೀರಿ?

ಜಯನಗರ 4ನೇ ಬ್ಲಾಕ್

ತೆರಿಗೆ ನನಗೆ ಬಿಡಿ. ಐದು ಪಾಲಿಕೆಯಲ್ಲಿ ಹಣ ಇರುವ ಕಡೆ ಒಂದು, ಇಲ್ಲದ ಕಡೆ ಒಂದು ಆದರೆ ಹಂಚುವುದು ಹೇಗೆ ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಕೋಡಿಗೇಹಳ್ಳಿ ಗೇಟ್

ನನಗೆ ವಾರ್ಡ್ ಸಮಿತಿ ಭಾಗ ಕೊಡಿ. ಕನ್ನಡದಲ್ಲಿ ಇರುತ್ತದಲ್ವಾ?

ವಕೀಲಮ್ಮ, ಬಸವನಗುಡಿ

ವಿಧಾನಸಭೆ ನಡಾವಳಿ ಕನ್ನಡದಲ್ಲೇ ಇರುತ್ತದೆ. ಕಾಯ್ದೆಯ ಭಾಷೆ ಸ್ವಲ್ಪ ಗಡಸು. ಸಿಕ್ಕಿಕೊಂಡರೆ ಇಲ್ಲೇ ಕೇಳಿ.